ಗೋಡೆ ಬಡಿದು ನೋಡುತ್ತಿದ್ದ ತಾತ

ಪಕ್ಕದ ಮನೆಯ ತಾತನ ಬಲಗೈ ನಡುಬೆರಳಿನ ಗೆಣ್ಣು ನೆಲ್ಲಿಕಾಯಿಯಷ್ಟು ದಪ್ಪಗಿತ್ತು. ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಗಳಿದ್ದ ನಮ್ಮ ಲೈನಿನಲ್ಲಿ ಯಾರ ಮನೆಗೆ ಬಂದರೂ ಮೊದಲು ಆ ಗೆಣ್ಣಿನಿಂದ ಗೋಡೆ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಕೂರುತ್ತಿದ್ದರು. ಚಿನ್ನದ ಗಣಿಯೊಳಗೆ ಅವರ ಕೆಲಸವೇ ಅದಾಗಿತ್ತು. ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಬೇಕು. ಗಣ್ ಎಂದರೆ ಗಟ್ಟಿ, ಬೊದ್ ಎಂದರೆ ಸಡಿಲ, ಕೆಳಗೆ ಮರದ ಆಸರೆ ಕೊಡಬೇಕು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಕೈ ಸುಮ್ಮನಿರಲಿಲ್ಲ. “ಕಾಫಿ ಆಮೇಲೆ ಕೊಡ್ರಿ, ಮೊದ್ಲು ತಾತಂಗೆ ಗೋಡೆ ತೋರ್ಸಿ” ಎಂದು ಲೈನಿನವರೆಲ್ಲ ಕಾಲೆಳೆಯುತ್ತಿದ್ದರು. ತಾತನೂ ನಗುತ್ತಿದ್ದರು. “ಕಲ್ಲು ಸುಳ್ಳು ಏಳಲ್ಲ ಕಣ್ರಮ್ಮ, ನಮ್ಗೇ ಕೇಳೋ ತಾಳ್ಮೆ ಇಲ್ಲ.”

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ವಾರವಿಡೀ ಮಳೆ ಹಿಡಿಯಿತು. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ನಮ್ಮಜ್ಜಿಯನ್ನು ನೋಡಲು ಬಂದ ತಾತ ಗೋಡೆ ಬಡಿದರು. ನಗಲಿಲ್ಲ. ಇನ್ನೊಂದು ಕಡೆ ಬಡಿದರು.

“ಗೋಡೆ ಒಳಗೆ ಸಡ್ಲ ಬಿಟ್ಕೊಂಡೈತೆ. ಇವ್ರನ್ನ ಇವತ್ತೇ ಮುಂದಿನ ರೂಮಲ್ಲಿ ಮಲಗ್ಸಮ್ಮ” ಎಂದರು ಅಮ್ಮನಿಗೆ.

“ನಮ್ಮನೆ ನಿನ್ ಮೈನ್ಸ್ ಅಲ್ಲ, ಬಿಡು ಮಾವ. ಅಲ್ಲಾಡ್ಸಿದ್ರೆ ನಮ್ಮವ್ವ ನೋವು ತಡ್ಯಲ್ಲ” ಎಂದರು ಅಪ್ಪ.

ತಾತ ವಾದಕ್ಕೆ ಇಳಿಯಲಿಲ್ಲ. ಮಂಚದ ಒಂದು ತುದಿಯನ್ನು ಎತ್ತಿ ಹಿಡಿದು ನಿಂತುಬಿಟ್ಟರು. ಅಪ್ಪ ಸಿಟ್ಟಿನಲ್ಲಿ ಆಡಬಾರದ ಮಾತನ್ನೂ ಆಡಿದರು. ತಾತ ಕೈ ಬಿಡಲಿಲ್ಲ. ಕೊನೆಗೆ ಅಮ್ಮನೇ ಇನ್ನೊಂದು ತುದಿ ಹಿಡಿದಳು.

ಎರಡು ದಿನ ಏನೂ ಆಗಲಿಲ್ಲ. ಅಪ್ಪ ಮುಖ ಗಂಟಿಕ್ಕಿಕೊಂಡೇ ಓಡಾಡಿದರು. ಮೂರನೆಯ ದಿನ ಮಧ್ಯಾಹ್ನ ಆ ಗೋಡೆ, ಅಜ್ಜಿಯ ಮಂಚವಿದ್ದ ಜಾಗದ ಮೇಲೆ, ಇಡಿಯಾಗಿ ಕುಸಿದುಬಿತ್ತು.

ಅಪ್ಪ ಹೋಗಿ ಕಾಲಿಗೆ ಬಿದ್ದರೆ ತಾತ ತಾವೇ ನೆಲಕ್ಕೆ ಕೂತು ಬಿಕ್ಕಿ ಬಿಕ್ಕಿ ಅತ್ತರು. “ನನ್ ತಮ್ಮಂಗೂ ಇಂಗೇ ಏಳಿದ್ದೆ. ಬಂಡೆ ಸಡ್ಲ ಐತೆ, ಆಚೆ ಬಾರ್ಲಾ ಅಂದೆ. ಶಿಫ್ಟ್ ಮುಗೀಲಿ ಅಂತ ನಕ್ಬುಟ್ಟ. ಎಲ್ರ ಮುಂದೆ ಎಳ್ದಾಡೋದ್ಯಾಕೆ ಅಂತ ಸುಮ್ಕಾದೆ. ರಟ್ಟೆ ಇಡ್ದು ಎಳೀಬೇಕಾಗಿತ್ತು.” ಆ ತಮ್ಮ ಅದೇ ಬಂಡೆಯ ಕೆಳಗೆ ಸಿಕ್ಕಿ ಸತ್ತಿದ್ದ. ಲೈನಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ತಾತ ಬಾಯಿಬಿಟ್ಟು ಹೇಳಿದ್ದು ಮಾತ್ರ ಅದೊಂದೇ ಸಲ. ನಮ್ಮಜ್ಜಿ ಮತ್ತೆ ಐದು ವರ್ಷ ಬದುಕಿದ್ದಳು.

ಹೋದ ವರ್ಷ ತಾತನಿಗೆ ಕೆಮ್ಮು ಜೋರಾಯಿತು. ಗಣಿಯ ದೂಳು ಎದೆ ಬಿಟ್ಟು ಹೋಗಿರಲಿಲ್ಲ. ಒಂದು ಬೆಳಿಗ್ಗೆ, ಬಂಗಾರಪೇಟೆಯಲ್ಲಿ ನಾನು ಪಾಠ ಮಾಡುವ ಶಾಲೆಗೆ ಹೊರಟವಳು ಅವರ ಮನೆಗೆ ಇಣುಕಿದೆ. ಜೊತೆಗಿದ್ದ ಅವರ ಸೊಸೆ ಆಗಲೇ ಕೂಲಿಗೆ ಹೋಗಿದ್ದಳು. ತಾತ ಉಸಿರಿಗೆ ಒದ್ದಾಡುತ್ತಿದ್ದರು, ತುಟಿ ಕಪ್ಪಿಟ್ಟಿತ್ತು.

“ಆಟೋ ಕರೀತೀನಿ ತಾತ, ಈಗ್ಲೇ ಆಸ್ಪತ್ರೆಗೆ ಹೋಗೋಣ” ಎಂದೆ.

“ಇವತ್ತು ಬ್ಯಾಡ ಕಣಮ್ಮ, ನಾಳೆ ಓಗಾಣ. ನಿಂಗೆ ರೈಲು ತಪ್ತದೆ, ಓಗು” ಎಂದು ನಕ್ಕರು.

ಹಿರಿಯರ ಮಾತು ಮೀರುವುದು ಹೇಗೆ ಎಂದುಕೊಂಡು ಸ್ಟೇಷನ್ನಿಗೆ ಓಡಿದೆ. ಸಂಜೆ ನಾನು ಬರುವಷ್ಟರಲ್ಲಿ ತಾತನನ್ನು ಬಾಗಿಲಾಚೆ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿದ್ದರು. ಅವರ ರಟ್ಟೆ ಹಿಡಿದು ಎಳೆಯುವಷ್ಟು ಸಲಿಗೆ ನನಗಿತ್ತು. ನಾನು ಎಳೆಯಲಿಲ್ಲ.