ಅರ್ಧ ಮುಚ್ಚಿದ ತೂತು

ಚಿಕ್ಕಮ್ಮನ ಕೈಚಳಕವೇ ಅವಳ ಹೊಟ್ಟೆಯ ಮೇಲೆ ಹೊಡೆಯುತ್ತಿತ್ತು.

ಅವಳು ಮನೆಯಲ್ಲಿ ಕೂತು ರಫು ಮಾಡುವವಳು. ಬಟ್ಟೆ ಮೊಳೆಗೆ ಸಿಕ್ಕಿ ಹರಿದಿರಲಿ, ಇಲಿ ಕಡಿದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಡಿಸಿ, ಅಡ್ಡಕ್ಕೂ ಉದ್ದಕ್ಕೂ ಒಂದೊಂದೇ ಎಳೆ ಹೆಣೆದು, ತೂತಿನ ಹುಟ್ಟಡಗಿಸಿಬಿಡುತ್ತಾಳೆ. ದೇವರಾಣೆ, ಎಲ್ಲಿ ಹರಿದಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕಣ್ಣಿಗೇ ಕಾಣದ ಕೆಲಸವನ್ನು ಹೊಸ ಗಿರಾಕಿಗೆ ಏನೆಂದು ತೋರಿಸುವುದು? ಬಂದ ಒಬ್ಬಿಬ್ಬರೂ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಖುಷಿಪಟ್ಟು, "ಹರಿದಿತ್ತು ಅಂತ ಯಾರಿಗೂ ಹೇಳ್ಬೇಡಿ" ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಅವರೂ ಯಾರಿಗೂ ಹೇಳುತ್ತಿರಲಿಲ್ಲ.

ಮೊದಲು ಅವಳು ದೊಡ್ಡ ಬೀದಿಯ ದರ್ಜಿ ಅಂಗಡಿಯಲ್ಲಿದ್ದಳು. ಪರದೆಯ ಹಿಂದೆ ಒಂದು ಸ್ಟೂಲು, ಒರಗಲು ಗೋಡೆಯೂ ಇಲ್ಲ. ಕೆಲಸ ಇವಳದು, ಹೊಗಳಿಕೆಯೆಲ್ಲ ಪರದೆಯ ಮುಂದೆ ನಿಂತ ಮಾಲೀಕನಿಗೆ. ಬಿಟ್ಟು ಬರುವಾಗ ಆ ಪುಣ್ಯಾತ್ಮ, "ಮನೇಲಿ ಕೂತ್ರೆ ನಿನ್ನ ಹುಡುಕ್ಕೊಂಡು ಯಾರಮ್ಮ ಬರ್ತಾರೆ? ಸ್ಕೂಲು ಶುರುವಾಗೋವರೆಗೂ ಸ್ಟೂಲು ಖಾಲಿ ಇಟ್ಟಿರ್ತೀನಿ. ಯೂನಿಫಾರ್ಮ್ ಕೆಲಸ ಇರುತ್ತೆ, ಬಂದ್ಬಿಡು" ಎಂದಿದ್ದ. ಶಾಲೆ ಶುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಮತ್ತೆ ಆ ಪರದೆಯ ಹಿಂದೆ ಹೋಗುವುದನ್ನು ನೆನೆದರೆ ಚಿಕ್ಕಮ್ಮನಿಗೆ ಅಳು ಬರುತ್ತಿತ್ತು, ಪಕ್ಕದ ಮನೆಯಲ್ಲೇ ಇರುವ ಅಕ್ಕನ ಮಗಳಾದ ನನಗೆ ಸಿಟ್ಟು.

ಹಾಗಂತ ಅವಳು ಕೈಕಟ್ಟಿ ಕೂತಿರಲಿಲ್ಲ. ತಾನು ರಫು ಮಾಡಿದ ಮಾದರಿ ತುಂಡುಗಳಲ್ಲಿ ಬಲು ಚೆನ್ನಾದವನ್ನು ಆರಿಸಿ, ಬೀದಿಗೆ ಕಾಣುವಂತೆ ಕಿಟಕಿಯಲ್ಲಿ ಸಾಲಾಗಿ ತೂಗುಹಾಕಿದಳು. ಒಬ್ಬಾಕೆ ಬಂದಳು. ತುಂಡುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, "ಈ ಬಟ್ಟೆ ಮೀಟರಿಗೆ ಎಷ್ಟು?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಆ ದಿನವೆಲ್ಲ ನನ್ನ ಜೊತೆ ಟೂ ಬಿಟ್ಟಳು.

ಅದೇ ಹಠದಲ್ಲಿ ಇನ್ನೂ ಚೆನ್ನಾದ್ದೊಂದು ಮಾಡುತ್ತೇನೆಂದು ಕೂತಳು. ಕಡುನೀಲಿ ಉಣ್ಣೆಯ ತುಂಡೊಂದರಲ್ಲಿ ಅಗಲವಾಗಿ ತೂತು ಮಾಡಿ, ಅರ್ಧ ಹೆಣೆದಿರಬೇಕು, ಅಷ್ಟರಲ್ಲಿ ನಮ್ಮ ಬೀದಿಯ ಇಸ್ತ್ರಿಯಣ್ಣ ಬಟ್ಟೆ ಗಂಟು ಹಿಡಿದುಕೊಂಡು ಬಂದ. ಬಂದವನು ಬಾಗಿಲಲ್ಲೇ ಬಾಯಿ ಬಿಟ್ಟುಕೊಂಡು ನಿಂತ.

"ಅಕ್ಕಾ, ಈ ಕಡೆ ತೂತು, ಆ ಕಡೆ ಬಟ್ಟೆ. ಇದೇನ್ ಮಾಡಿದ್ರಿ?"

"ಅರ್ಧ ಆಗಿದೆ ಅಷ್ಟೇ. ನಾಳೆ ಬನ್ನಿ, ಮುಗಿಸಿ ತೋರಿಸ್ತೀನಿ."

"ಮುಗಿಸ್ಬೇಡಿ. ಮುಗಿಸಿದ್ರೆ ನೋಡೋಕೆ ಏನಿರುತ್ತೆ? ಹೀಗೇ ಕೊಡಿ, ನನ್ನ ಗಾಡಿಗೆ ಕಟ್ಕೋತೀನಿ. ಬೀದಿಯವರ ಹರುಕೆಲ್ಲ ಮೊದಲು ಕಾಣೋದು ನನಗೇ ಅಲ್ವಾ?"

ಆಗ ಚಿಕ್ಕಮ್ಮನ ಮುಖ ನೋಡಬೇಕಿತ್ತು. ಹಿಡಿದ ತೂತನ್ನು ಮುಚ್ಚದೆ ಬಿಟ್ಟವಳೇ ಅಲ್ಲ ಅವಳು. ಅರೆಬರೆ ಕೆಲಸವನ್ನು ಬೀದಿಗಿಟ್ಟರೆ ಸೂಜಿ ಹಿಡಿದವರು ಏನಂದಾರು? ತುಂಡನ್ನು ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಆ ಸ್ಟೂಲು ನೆನಪಾಯಿತೋ ಏನೋ, ಅವನ ಕೈಗೆ ಕೊಟ್ಟು ಸರಸರನೆ ಒಳಗೆ ಹೋದಳು.

ಇಸ್ತ್ರಿ ಗಾಡಿಯ ಮುಂದೆ ನಿಂತವರೆಲ್ಲ ಆ ತೂತಿಗೆ ಬೆರಳು ತೂರಿಸಿ ನೋಡಿದರು. ಪಕ್ಕದ ಮುಚ್ಚಿದ ಭಾಗದ ಮೇಲೂ ಬೆರಳಾಡಿಸಿದರು. ಆ ವಾರವೇ ನರ್ಸೊಬ್ಬಳು ಹುಳ ತಿಂದ ಶಾಲು ತಂದಳು. ಬ್ಯಾಂಕಿನ ಗುಮಾಸ್ತ ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು ತಂದು, ಹೆಂಡತಿಗೆ ಗೊತ್ತಾಗಬಾರದೆಂದು ಕೈಮುಗಿದ. ಮಾರನೆಯ ದಿನ ಆ ಹೆಂಡತಿಯೇ ಗಂಡನ ಕೋಟನ್ನು ಇಸ್ತ್ರಿಪೆಟ್ಟಿಗೆಯಿಂದ ಸುಟ್ಟು, ಅದನ್ನು ಹಿಡಿದು ಬಂದು, ಅವರಿಗೆ ಗೊತ್ತಾಗೋದು ಬೇಡ ಎಂದಳು. ಚಿಕ್ಕಮ್ಮ ಇಬ್ಬರಿಗೂ ಆಗಲಿ ಎಂದಳು. ಆಕೆಯೂ ಹೋದಮೇಲೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಕಣ್ಣು ತುಂಬಿ ಬಂತು.

ಈಗಲೂ ಆ ಗಾಡಿಯ ಮುಂದೆ ಹೋಗುವಾಗ ಚಿಕ್ಕಮ್ಮ ಮುಖ ತಿರುಗಿಸಿಕೊಳ್ಳುತ್ತಾಳೆ. ಅರ್ಧಕ್ಕೆ ಬಿಟ್ಟ ತೂತು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

ಶಾಲೆ ಶುರುವಾಗುವ ಹಿಂದಿನ ದಿನ ಅಂಗಡಿಯ ಮಾಲೀಕ ಫೋನು ಮಾಡಿದ. ಚಿಕ್ಕಮ್ಮನ ತೊಡೆಯ ಮೇಲೆ ಯಾರದೋ ಕೋಟು, ಪಕ್ಕದ ಕುರ್ಚಿಯ ಮೇಲೆ ಇನ್ನಷ್ಟು ಬಟ್ಟೆ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಸೂಜಿ ನಿಲ್ಲಿಸದೆ, ಅವನ ಮಾತನ್ನೆಲ್ಲ ಕೇಳಿಸಿಕೊಂಡಳು.

"ಸ್ಟೂಲಿಗೆ ಬೇರೆ ಯಾರನ್ನಾದ್ರೂ ಕೂರಿಸ್ಕೊಳ್ಳಿ ಅಣ್ಣ," ಎಂದಳು. "ಆ ಪರದೆ ಒಂದು ತೆಗೆದುಬಿಡಿ."