ತೊಳೆದ ತೊಗಲು

ಅದನ್ನು ತೊಳೆದವಳು ನಾನು. ಬಿಸಿನೀರಿನಲ್ಲಿ ನೆನೆಹಾಕಿ, ಸೀಗೆಕಾಯಿ ಪುಡಿ ಹಚ್ಚಿ ತಿಕ್ಕಿ, ಕೊನೆಗೆ ಚಿಟಿಕೆ ಅರಿಶಿಣ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದವಳು ನಾನು. ಆಮೇಲೆ ಕೇಳಿದಾಗ ಬಾಯಿ ಮುಚ್ಚಿಕೊಂಡವಳೂ ನಾನೇ. ಶಹಾಪುರದ ನಮ್ಮ ಓಣಿಯಲ್ಲಿ ಇವತ್ತಿಗೂ ಎಲ್ಲರೂ ಹೇಳುವುದು ಒಂದೇ — ಚಪ್ಪಲಿ ಹೊಲಿಯುವ ಮರೆಪ್ಪನ ಖೊಟ್ಟಿ ಕೆಲಸದಿಂದ ನಮ್ಮ ಮನೆಯವರ ಕಾಲು ಊನವಾಯಿತು ಅಂತ. ಅದು ಸುಳ್ಳು. ಆರು ವರ್ಷ ಅದನ್ನು ಉಣ್ಣಿಸಿ ಬೆಳೆಸಿದ್ದು ನಾನು.

ಆ ದಿನ ಬೆಳಿಗ್ಗೆ ಎಲ್ಲ ದಿನಗಳ ಹಾಗೆಯೇ ಇತ್ತು. ನಾಲ್ಕು ದಿನದ ಮೇಲೆ ನಳದಲ್ಲಿ ನೀರು ಬಂದಿತ್ತು. ಕೊಡ, ಬಕೀಟು, ಕೊನೆಗೆ ಪಾಯಸದ ಪಾತ್ರೆ ಕೂಡ ತುಂಬಿಟ್ಟಿದ್ದೆ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಇವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಚಹಾ ಎಂದು ಕೂಗಿದರು. ಸುರಪುರದ ಕಡೆ ಹೊರಟಿದ್ದರು. ಇವರು ಹತ್ತಿ ವ್ಯಾಪಾರಿ. ಊರೂರು ಒಬ್ಬರೇ ಸುತ್ತುವುದರಿಂದ ಲೈಸೆನ್ಸ್ ತೆಗೆಸಿ ಒಂದು ಪಿಸ್ತೂಲ್ ಇಟ್ಟುಕೊಂಡಿದ್ದರು. ಪ್ಯಾಂಟಿನ ಒಳಗೆ, ಸೊಂಟಕ್ಕೆ ಹತ್ತಿಸಿ, ಮೇಲೆ ಅಂಗಿ ಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ನನಗೊಬ್ಬಳಿಗೆ — ಸಂಜೆ ಅಂಗಿ ಬಿಚ್ಚಿದಾಗ, ಸೊಂಟದ ಬಲಕ್ಕೆ, ಕೆಂಪಗೆ ಸುಲಿದ ಚರ್ಮ.

ಆ ಸುಲಿದ ಚರ್ಮದಿಂದಲೇ ಎಲ್ಲ ಶುರುವಾದದ್ದು. ಪಿಸ್ತೂಲಿನ ಹಳೆಯ ಕವರ್ ನೈಲಾನಿನದು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ — ಬೆವರು ಕುಡಿದು ಅದು ಮರಳು ಕಾಗದದಂತಾಗಿತ್ತು. ಕಾರಿನಲ್ಲಿ ಕೂತರೆ ಅದರ ಕ್ಲಿಪ್ಪು ಎಲುಬಿಗೇ ಒತ್ತುತ್ತಿತ್ತು. ಒಂದು ದಿನ ಅದನ್ನು ಕಿತ್ತು ಮಂಚದ ಮೇಲೆ ಒಗೆದು, “ಏ ಸುಮಾ, ಇದು ಚೇಳು ಕಡದಂಗ ಕಡೀತದ. ನೀ ಇಂಗ್ಲಿಷ್ ಓದಾಕಿ, ಒಂದು ಛಲೋದು ಆರಿಸಿ ಕೊಡು,” ಎಂದರು.

ನಾನು ಆರಿಸಿದೆ. ಎಂಟು ದಿನ ಮಧ್ಯಾಹ್ನ ಫೋನಿನಲ್ಲಿ ಓದಿದ್ದೇ ಓದಿದ್ದು. ಸೀರೆ ಆರಿಸಲೂ ಅಷ್ಟು ಓದಿದವಳಲ್ಲ! ತೊಗಲಿನದೇ ಒಳ್ಳೆಯದು, ಮೈಯ ಶಾಖಕ್ಕೆ ಹೊಂದಿಕೊಳ್ಳುತ್ತದೆ; ಮೈಗೂ ಕಬ್ಬಿಣಕ್ಕೂ ನಡುವೆ ಒಂದು ಎತ್ತರದ ಪದರ ಬೇಕು; ಕ್ಲಿಪ್ಪು ಎಲುಬಿನ ಮೇಲಲ್ಲ, ಅದರ ಹಿಂದಿನ ತಗ್ಗಿನಲ್ಲಿ ಕೂರಬೇಕು. ಫೋನಿನಲ್ಲೇ ತರಿಸಿದ ಎರಡು ಕವರೂ ಸರಿಬರಲಿಲ್ಲ, ಹಿಂದಕ್ಕೆ ಕಳಿಸಿದೆ. ಆಗ ನೆನಪಾದವನು ಬಸ್‌ಸ್ಟ್ಯಾಂಡ್ ಹತ್ತಿರ ಬೇವಿನ ಮರದ ಕೆಳಗೆ ಕೂರುತ್ತಿದ್ದ ಮರೆಪ್ಪ.

ಕಾನ್ವೆಂಟಿನಲ್ಲಿ ಸಿಸ್ಟರ್ ಹೊಲಿಗೆ ಕಲಿಸುವಾಗ ಹೇಳಿಕೊಟ್ಟಿದ್ದರು — ಮೊದಲು ಕಾಗದದಲ್ಲಿ ಕತ್ತರಿಸು, ಆಮೇಲೆ ಬಟ್ಟೆ ಮುಟ್ಟು. ಹಾಗೆಯೇ ಖಾಕಿ ಕಾಗದದಲ್ಲಿ ಆಕಾರ ಕತ್ತರಿಸಿ ಮರೆಪ್ಪನಿಗೆ ತೋರಿಸಿದೆ. ನಮ್ಮ ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಕಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಕಾಗದವನ್ನು ತಿರುವಿ ತಿರುವಿ ನೋಡಿದ.

“ಅವ್ವಾರ, ಇದಕ್ಕ ನೀವು ಕವರ್ ಅಂತೀರಿ, ನಾವು ಒರಿ ಅಂತೀವಿ. ನಮ್ಮ ಮುತ್ಯಾ ಸುರಪುರದಾಗ ಕತ್ತಿಗಿ ಒರಿ ಹೊಲೀತಿದ್ದ. ಸಾವ್ಕಾರ್ರ ಸೊಂಟದ ಅಳತಿ ಹೇಳ್ರಿ.”

ಹೇಳಿದೆ.

“ಇದು ನಿಂತಾಗಿಂದು. ಕುಂತಾಗಿಂದು ಕೊಡ್ರಿ. ನಿಂತಾಗ ಎಲ್ಲಾರೂ ಪೈಲ್ವಾನ್ರೇ.”

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅವನಿಗೆ ಚಹಾ ಕೊಟ್ಟೆ — ಕಾಗದದ ಕಪ್ಪಿನಲ್ಲಿ. ಹಾಲಿನವನಿಗೆ, ಕರೆಂಟಿನವನಿಗೆ ಸ್ಟೀಲಿನ ಲೋಟ. ಮರೆಪ್ಪನಿಗೆ ಕಾಗದದ ಕಪ್ಪು. ಅವನಿಗೆಂದೇ ಒಂದು ಪಾಕೀಟು ತಂದಿಟ್ಟಿದ್ದೆ. ಸ್ವಚ್ಛತೆಗೆ ಎಂದುಕೊಂಡಿದ್ದೆ. ನನಗೆ ನಾನೇ ಹಾಗೆ ಹೇಳಿಕೊಂಡಿದ್ದೆ...

ಒಂದು ವಿಷಯ. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ‘ಅವನು’ ಎಂದು ಬರೆಯುತ್ತಿದ್ದೇನೆ. ಆಗ ಹಾಗೆಯೇ ಕರೆದೆ. ಈಗ ಇಲ್ಲಿ ತಿದ್ದಿದರೆ — ಅದೂ ಒಂದು ತೊಳೆಯುವ ಕೆಲಸವೇ ಆದೀತು.

ಹದಿನೈದು ದಿನಕ್ಕೆ ತಂದುಕೊಟ್ಟ. ಅಷ್ಟು ಚಂದದ ಹೊಲಿಗೆಯನ್ನು ಸಿಸ್ಟರ್ ಕೂಡ ಹಾಕುತ್ತಿರಲಿಲ್ಲ. ಮೈಗೆ ತಾಗುವ ಕಡೆ ಮೆತ್ತನೆಯ ಆಡಿನ ತೊಗಲು, ಹೊರಗೆ ಎಮ್ಮೆಯ ತೊಗಲು. ಬಾಯಿ ಮಾತ್ರ ಹಲಗೆಯಷ್ಟು ಬಿರುಸು. ಅದೊಂದು ಸ್ವಲ್ಪ ಮೆತ್ತಗಿದ್ದರೆ, ಎಂದೆ.

“ಬ್ಯಾಡ್ರಿ ಅವ್ವಾರ. ಬಾಯಿ ಬಿರುಸಽ ಇರಬೇಕು. ಎರಡು ಪದರ ಕೂಡಿಸಿ ನಡುವ ಹುಣಸಿ ಬೀಜದ ಅಂಟು ತುಂಬೀನಿ. ಪಿಸ್ತೂಲ್ ತೆಗದ್ರೂ ಬಾಯಿ ತೆರಕೊಂಡಽ ಇರಬೇಕು. ಮೆತ್ತಗಾತಂದ್ರ ತೊಗಲು ಒಳಗ ಮಡಚತದ, ಟ್ರಿಗರಿಗೆ ಸಿಗತದ. ಎಣ್ಣಿ ಹಚ್ಚಬ್ಯಾಡ್ರಿ. ನೀರಂತೂ ಬ್ಯಾಡೇ ಬ್ಯಾಡ.”

ಹೂಂ ಎಂದೆ. ಹೂಂ ಎನ್ನುವಾಗಲೇ ನನ್ನ ಕಣ್ಣು ಅವನ ತುಟಿಯ ಮೇಲಿತ್ತು. ಹೊಲಿಗೆಯ ತುದಿಯಲ್ಲಿ ಉಳಿದ ಒಂದು ನೂಲಿನ ಎಳೆಯನ್ನು ಹಲ್ಲಿನಿಂದ ಕಚ್ಚಿ, ಉಗುಳಿನಿಂದ ಒದ್ದೆ ಮಾಡಿ, ಹೆಬ್ಬೆರಳಿನ ಕಪ್ಪು ಉಗುರಿನಿಂದ ಹೊಲಿಗೆಯ ಒಳಗೆ ಒತ್ತಿದ್ದ. ಆ ಉಗುಳು, ಆ ಉಗುರು, ಆ ಹಸಿ ತೊಗಲಿನ ವಾಸನೆ — ನಾಳೆ ಇದು ಇವರ ಬರಿ ಮೈಗೆ ತಾಗುತ್ತದೆ, ಎದೆಯ ಲಿಂಗದಿಂದ ಒಂದು ಗೇಣು ಕೆಳಗೆ.

ಅತ್ತೆ ಹೇಳಿದ್ದಕ್ಕೆ ತೊಳೆದೆ ಎಂದು ಬರೆದರೆ ಸುಲಭ. ಅತ್ತೆ ಹಳೆಯ ಕಾಲದವರು, ನೀವೂ ನಂಬುತ್ತೀರಿ. ಆದರೆ ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಮಲಗಿದ್ದರು. ‘ಎಲ್ಲರೂ ಒಂದೇ’ ಎಂದು ಪ್ರಬಂಧ ಬರೆದು ಕಾನ್ವೆಂಟಿನಲ್ಲಿ ಬಹುಮಾನ ತಗೊಂಡವಳು ನಾನು. ದಿನಾ ಬೆಳಿಗ್ಗೆ ವಚನ ಹೇಳುವ ಬಾಯಿ ನನ್ನದು. ಕವರನ್ನು ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, ಹಿತ್ತಲಿಗೆ ಹೋದವಳು ನಾನು. ಬಿಸಿನೀರಿನಲ್ಲಿ ಅದು ಗುಳ್ಳೆ ಬಿಟ್ಟಿತು. ಬಾಯಿಯ ಹೊಲಿಗೆಯಿಂದ ಕಂದು ಬಣ್ಣದ ಲೋಳೆ ಇಳಿಯಿತು. ಥೂ, ಹೊಲಸು ಎಂದುಕೊಂಡು ಮತ್ತಷ್ಟು ತಿಕ್ಕಿದೆ. ಅದು ಹೊಲಸಲ್ಲ, ಹುಣಸೆ ಬೀಜದ ಅಂಟು. ಗೊತ್ತಿರಲಿಲ್ಲವೇ? ಅವನು ಹೇಳಿ ಒಂದು ತಾಸೂ ಆಗಿರಲಿಲ್ಲ. ಗೊತ್ತಿತ್ತು. ನನ್ನ ಅಸಹ್ಯ ಗೊತ್ತಿದ್ದುದಕ್ಕಿಂತ ದೊಡ್ಡದಿತ್ತು, ಅಷ್ಟೇ.

ಮಾಳಿಗೆಯ ಮೇಲೆ ಒಣಗಿಸಿದೆ. ಬಿಗಿದುಕೊಂಡಿದ್ದನ್ನು ಕೊಬ್ಬರಿ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದೆ. ಎಂಟು ದಿನ ಇವರು ಸಂತೋಷದಲ್ಲಿದ್ದರು. “ಹಾಕ್ಕೊಂಡದ್ದೇ ಗೊತ್ತಾಗಂಗಿಲ್ಲ ನೋಡು. ನೀ ಆರಿಸಿದ್ದು ಅಂದ್ರ ಆರಿಸಿದ್ದು!” ಆ ಹೊಗಳಿಕೆಯನ್ನು ನುಂಗಿದೆ. ಸಿಹಿಯಾಗಿತ್ತು.

ಆ ಬೆಳಿಗ್ಗೆ ಚಹಾ ಕುಡಿದು ಒಳಗೆ ಹೋದರು. ನಾನು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದೆ. ಕುಕ್ಕರ್ ಸಿಡಿಯಿತು ಎಂದುಕೊಂಡೆ. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ. ಕೋಣೆಗೆ ಓಡಿದರೆ — ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಿದ್ದರು. ಗುಂಡು ತೊಡೆಯನ್ನು ಸೀಳಿಕೊಂಡು ಮೊಳಕಾಲಿನ ಮೇಲಿಂದ ಹೊರಬಿದ್ದಿತ್ತು. ಕವರ್ ಸೊಂಟಕ್ಕೆ ಸಿಕ್ಕಿಸಿಕೊಂಡು ಪಿಸ್ತೂಲನ್ನು ಒಳಗೆ ತಳ್ಳಿದ್ದರಂತೆ, ಅಷ್ಟೇ. ಸೇಫ್ಟಿ ಹಾಕಿರಲಿಲ್ಲ ಎಂದು ಎಷ್ಟೋ ದಿನದ ಮೇಲೆ ಒಪ್ಪಿಕೊಂಡರು. ಅದು ಅವರ ತಪ್ಪು, ಅವರು ಬರೆದುಕೊಳ್ಳಲಿ. ನಾನು ನನ್ನದನ್ನು ಬರೆಯುತ್ತಿದ್ದೇನೆ.

ಪ್ಯಾಂಟು ಕತ್ತರಿಸುವಾಗ ಕವರ್ ನನ್ನ ಕೈಗೆ ಬಂತು. ಅದರ ಬಾಯಿ, ಹಲ್ಲಿಲ್ಲದ ಮುದುಕಿಯ ಬಾಯಿಯಂತೆ ಒಳಗೆ ಮಡಚಿಕೊಂಡಿತ್ತು. ರಕ್ತದ ವಾಸನೆಯ ಅಡಿಯಲ್ಲಿ ಇನ್ನೂ ಸೀಗೆಕಾಯಿ ವಾಸನೆ ಇತ್ತು. ಮೈದುನ ಮಂಜು ಇವರನ್ನು ದವಾಖಾನೆಗೆ ಸೇರಿಸಿ, ಲೈಸೆನ್ಸಿನ ಕಾಗದ ಒಯ್ಯಲು ತಿರುಗಿ ಬಂದಾಗ ಮಧ್ಯಾಹ್ನ. ಅಷ್ಟರಲ್ಲಿ ನಾನು ಅದನ್ನು ಜೋಳದ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹೂತಿಟ್ಟಿದ್ದೆ.

ಸುದ್ದಿ ಕೇಳಿ ಮರೆಪ್ಪನೂ ಬಂದ. ಬರಿಗಾಲಿನಲ್ಲಿ, ಬಿಸಿಲಿನಲ್ಲಿ, ಗೇಟಿನ ಹೊರಗೆ ನಿಂತ.

“ಅವ್ವಾರ, ಒಮ್ಮಿ ನನ್ನ ಕೈಗೆ ಕೊಡ್ರಿ. ನನ್ನ ಹೊಲಿಗಿ ತಪ್ಪಾಗಿದ್ರ ಇಲ್ಲೇ ನನ್ನ ಬೆರಳು ಕಡೀರಿ. ಒಮ್ಮಿ ಮುಟ್ಟಿ ನೋಡ್ತೀನಿ.”

ಒಮ್ಮೆ ಮುಟ್ಟಿದ್ದರೆ ಸಾಕಿತ್ತು, ಆ ಬೆರಳಿಗೆ ಎಲ್ಲ ತಿಳಿಯುತ್ತಿತ್ತು. ಅದಕ್ಕೇ ನಾನು, “ಅದು ಇಲ್ಲ. ರಗತದ ಅರಿವಿ ಜೋಡಿ ಸುಟ್ಟೀವಿ,” ಎಂದೆ.

ಮಂಜು ನನ್ನ ಕಡೆ ತಿರುಗಿದ. “ವೈನಿ, ಖರೇ ಹೇಳ್ರಿ. ಬಾಯಿ ಒಳಗ ಮಡಚಿ ಟ್ರಿಗರಿಗೆ ಸಿಕ್ಕಿತು ಅಂತ ಅಣ್ಣ ಅಂದ. ಅದು ಮೊದಲಿಂದನೂ ಮೆತ್ತಗಿತ್ತೇನು?”

ಮರೆಪ್ಪ ನನ್ನನ್ನೇ ನೋಡುತ್ತಿದ್ದ. ಗೇಟಿನ ಸರಳು ಹಿಡಿದಿದ್ದ. ಅವನ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ನಾನು ಆ ಉಗುರನ್ನು ನೋಡುತ್ತಾ ಹೇಳಿದೆ:

“ಹೌದು. ಮೊದಲಿಂದನೂ ಹಂಗಽ ಇತ್ತು.”

ಮಂಜು ಕೈ ಎತ್ತಿದಾಗಲೂ, ಕೈ ಕೆನ್ನೆಗೆ ಬಿದ್ದಾಗಲೂ ಮರೆಪ್ಪ ಸರಳು ಬಿಡಲಿಲ್ಲ. ನೀರು ಹಾಕಿದಿರೇನು ಅವ್ವಾರ ಎಂದು ಕೇಳಬಹುದಿತ್ತು... ಕೇಳಲಿಲ್ಲ. ಅವನಿಗೆ ಆಗಲೇ ಗೊತ್ತಾಗಿತ್ತು ಎಂದು ನನಗೆ ಅನಿಸುತ್ತದೆ. ಏನು ಹಾಕಿದೆ ಎಂದಷ್ಟೇ ಅಲ್ಲ, ಯಾಕೆ ಹಾಕಿದೆ ಎಂಬುದೂ.

ಮರುದಿನ ಬೇವಿನ ಮರದ ಕೆಳಗಿನ ಅವನ ಪೆಟ್ಟಿಗೆಯನ್ನು ಯಾರೋ ಗಟಾರಿಗೆ ಒದ್ದರು. ತಿಂಗಳೊಳಗೆ ಶಹಾಪುರ ಬಿಟ್ಟು ಗುರುಮಠಕಲ್ಲಿಗೆ, ಮಗಳ ಮನೆಗೆ ಹೋದ. ಅಲ್ಲಿಯೂ ಮಾತು ಅವನಿಗಿಂತ ಮೊದಲೇ ಮುಟ್ಟಿತ್ತಂತೆ. ಈಗ ಹರಿದ ಚಪ್ಪಲಿಗೆ ಹೆಬ್ಬೆರಳಿನ ಉಂಗುಷ್ಟ ಹಾಕುವುದಷ್ಟೇ ಕೆಲಸ. ಹೊಸದೊಂದನ್ನು ಹೊಲಿ ಎಂದು ಯಾರೂ ಅವನ ಕೈಗೆ ತೊಗಲು ಕೊಡುವುದಿಲ್ಲ. ಮುತ್ಯಾನಿಂದ ಬಂದ ವಿದ್ಯೆ — ನಾನು ಒಂದು ಬಕೀಟು ಬಿಸಿನೀರಿನಲ್ಲಿ ಕರಗಿಸಿದೆ.

ಕವರ್ ಇನ್ನೂ ನನ್ನ ಬಳಿಯೇ ಇದೆ. ಈ ಹಾಳೆಗಳನ್ನು ಮೊದಲು ಇವರಿಗೆ ಕೊಡುತ್ತೇನೆ, ಮಂಜುಗೂ. ಆಮೇಲೆ ಬರುವ ಸೋಮವಾರ ಗುರುಮಠಕಲ್ ಬಸ್ಸು ಹತ್ತುತ್ತೇನೆ. ಕವರನ್ನು ಮರೆಪ್ಪನ ಕೈಗೆ ಕೊಟ್ಟು, ಅವನ ಬೆರಳು ಅದರ ಬಾಯಿಯನ್ನು ಮುಟ್ಟಿ ನೋಡುವ ತನಕ ಎದುರಿಗೆ ನಿಲ್ಲುತ್ತೇನೆ. ಮರಳಿ ಬಂದು ಓಣಿಯ ಪ್ರತಿ ಬಾಗಿಲಿಗೂ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕಾದ ಕಷ್ಟವೂ ಅವನದೇ ಆಗುತ್ತದೆ.

ಮೊದಲ ಬಾಗಿಲು ಪಕ್ಕದ ಮನೆಯ ಮಹಾದೇವಕ್ಕನದು. ಯಾಕೆಂದರೆ ಗುಂಡು ಹಾರಿದ ಆ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ನಮಗೆಂದು ರೊಟ್ಟಿ, ಪುಂಡಿ ಪಲ್ಯ ತಂದಿದ್ದಳು. ಅತ್ತೆಗೆ ಎರಡು ತುತ್ತು ಉಣ್ಣಿಸಿದಳು, ನನ್ನ ತಲೆ ಸವರಿದಳು. ಒಳ್ಳೆಯ ಹೆಂಗಸು. ಹೊರಡುವಾಗ ಹೊಸ್ತಿಲಲ್ಲಿ ನಿಂತು, ಖಾಲಿ ಬುಟ್ಟಿಯ ಹಿಟ್ಟು ಕೊಡವುತ್ತಾ, ಉಪ್ಪು ಕಡಿಮೆ ಆಯಿತೇನೋ ಎನ್ನುವಷ್ಟು ಸಹಜವಾಗಿ ಹೇಳಿದಳು:

“ಅಲ್ಲವಾ ಸುಮಾ, ಅಂಥವರ ಕೈಲಿ ಹೊಲಿಸಿದ್ದು ಅದು... ಮೈಗೆ ಹಚ್ಚೂಕಿಂತ ಮೊದಲು ಒಂದ್ಸಲ ತೊಳೀಬಾರದಾಗಿತ್ತೇನು?”