ಗೇಟಿನಲ್ಲಿ ತಡೆದ ಹೆಂಚು

ನರಸಾಪುರದ ಫ್ಯಾಕ್ಟರಿಯೊಂದರ ಗೇಟಲ್ಲಿ ನಾನು ಸೆಕ್ಯೂರಿಟಿ. ಹೊರಗೆ ಹೋಗುವ ಯಾವ ಕಬ್ಬಿಣವನ್ನೂ ನಂಬೋದಿಲ್ಲ. ಕ್ಯಾಂಟೀನಿಗೆ ಹೊಸದಾಗಿ ಸೇರಿದ್ದ ಮುನಿರತ್ನಮ್ಮನ ಚೀಲ ಒಂದು ಸಂಜೆ ಯಾಕೋ ತೀರಾ ಭಾರವಾಗಿ ಕಂಡಿತು. ತೆಗೆಸಿ ನೋಡಿದರೆ, ಹಳೇ ಸೀರೆ ತುಂಡಿನಲ್ಲಿ ಸುತ್ತಿದ ಬೀಡು ಕಬ್ಬಿಣದ ದೋಸೆ ಹೆಂಚು. ಎಣ್ಣೆ ಕುಡಿದು ಕುಡಿದು ಮಿರಮಿರ ಮಿನುಗುತ್ತಿತ್ತು.

"ನಮ್ಮನೇದು ಅಣ್ಣಾ, ನಮ್ಮತ್ತೆ ಪಳಗಿಸಿದ್ದು. ಇಲ್ಲೇ ಬಿಟ್ರೆ ಪಾತ್ರೆ ತೊಳೆಯೋರು ಸೋಪು ಹಾಕಿ ಉಜ್ಜಿಬಿಡ್ತಾರೆ. ಆಮೇಲೆ ದೋಸೆ ಏಳಲ್ಲ."

ನಾನು ನಂಬಲಿಲ್ಲ. ಬೆಳಿಗ್ಗೆ ತಂದದ್ದೇ ಸಂಜೆ ಹೋಗ್ತಿದೆಯಾ ಅಂತ ದಿನಾ ಎರಡು ಸಲ ಗೇಟಿನ ತಕ್ಕಡಿಯಲ್ಲಿ ತೂಗುತ್ತಿದ್ದೆ. ಆಕೆ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದಳು.

ಮಗಳ ಮದುವೆಗೆ ರಜೆ ಹಾಕಿದ ದಿನ ಆ ಹೆಂಚನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಮನೆ ತುಂಬಾ ನೆಂಟರು. ಯಾರಾದ್ರೂ ತೊಳೆದುಬಿಡ್ತಾರೆ. ನಿಮ್ಮ ಹತ್ರಾನೇ ಇರಲಿ."

"ನನ್ನ ಮೇಲೆ ಅಷ್ಟು ನಂಬಿಕೆನಾ?"

"ನಂಬಿಕೆ ಅಲ್ಲಣ್ಣ. ನೀವು ಯಾರನ್ನೂ ನಂಬಲ್ಲ, ಯಾರ ಕೈಗೂ ಕೊಡಲ್ಲ."

ಐದು ದಿನ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ವಾಪಸ್ ಬಂದವಳು ಮೊದಲು ಸೋಪಿನ ವಾಸನೆ ಇದೆಯಾ ಅಂತ ಹೆಂಚನ್ನು ಮೂಸಿ ನೋಡಿದಳು. ಆಮೇಲೆ, ನನ್ನ ಎದುರಿಗೇ, ನನ್ನ ತಕ್ಕಡಿ ಮೇಲಿಟ್ಟು ತೂಗಿದಳು.